ಹಿಟ್ಟಿನ ಕೈ, ಸಿಟ್ಟಿನ ಬಾಯಿ, ಒಂದು ರೋಜಾ

ಮೊನ್ನೆ ಸವದತ್ತಿ ದಾಟಿ ಹೊರಟಿದ್ದ ಬಸ್ಸಿನಲ್ಲಿ ಇಸ್ತ್ರಿ ಅಂಗಿಯವನೊಬ್ಬ ನನಗೆ ಬುದ್ಧಿ ಹೇಳಲು ಬಂದ. ನನ್ನ ತೊಡೆಯ ಮೇಲೆ ಖಡಕ್ ರೊಟ್ಟಿಯ ಗಂಟು. ಪಕ್ಕದ ಕಿಟಕಿ ಸೀಟಿನಲ್ಲಿ ರಜಿಯಾ, ಅವಳ ತೊಡೆಯ ಮೇಲೂ ಅಂಥದೇ ಗಂಟು. ರೊಟ್ಟಿ ಮುರಿಯಬಾರದೆಂದು ಇಬ್ಬರೂ ಕೂಸನ್ನು ಹಿಡಿದಂತೆ ಹಿಡಿದು ಕೂತಿದ್ದೆವು. ಅಷ್ಟರಲ್ಲಿ ಕಟಕೋಳದಿಂದ ನಮ್ಮ ಅಕ್ಕನ ಫೋನು ಬಂತು. ನಾನು ಎಂದಿನಂತೆ ಸ್ಪೀಕರ್ ಒತ್ತಿ ಮಾತಿಗೆ ಶುರು ಮಾಡಿದೆ.

"ಸ್ಪೀಕರ್ ಬಂದ್ ಮಾಡ್ರಿ ಬಾಯಾರ. ಇದೇನ ನಿಮ್ಮ ಮನಿ ಪಡಸಾಲಿ ಏನು?" ಎಂದ ಅಂಗಿಯವನು. ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ಸುಮ್ಮನಿರುತ್ತಿದ್ದೆನೇನೋ. ಅವನು ಪಕ್ಕದವನ ಕಡೆ ತಿರುಗಿ, "ಪುಕ್ಕಟ ಬಸ್ಸಿನ್ಯಾಗ ಅಡ್ಡಾಡೂದು, ಮ್ಯಾಲ ಸ್ಪೀಕರ್ ಬ್ಯಾರೆ" ಎಂದು ಸೇರಿಸಿದ.

"ಬಂದ್ ಮಾಡೂದಿಲ್ರಿ. ಕೇಳಬಾರದು ಅಂದ್ರ ಕಿವ್ಯಾಗ ಅರಳಿ ಇಟ್ಕೊಳ್ರಿ. ನಮ್ಮ ಬೈಲಹೊಂಗಲದಾಗ ಅರಳಿಗೇನ ಬರ ಇಲ್ಲ" ಎಂದೆ. ಕಂಡಕ್ಟರು ಮುಖ ಆ ಕಡೆ ಮಾಡಿ ನಕ್ಕ. ರಜಿಯಾ ಕಿಟಕಿಯ ಹೊರಗೆ ನೋಡುತ್ತ, ಈ ಹೆಂಗಸು ಯಾರೋ ನನಗೆ ಗೊತ್ತಿಲ್ಲ ಎಂಬಂತೆ ಕೂತಿದ್ದಳು.

ನ್ಯಾಯವಾಗಿ ನೋಡಿದರೆ ಅವನು ಹೇಳಿದ್ದು ಸರಿಯೇ. ಬಸ್ಸಿನಲ್ಲಿ ಸ್ಪೀಕರ್ ಹಾಕಿ ಮಾತಾಡುವವರನ್ನು ಕಂಡರೆ ನನಗೂ ಆಗುವುದಿಲ್ಲ. ನ್ಯಾಯ ಅವನ ಕಡೆಗಿತ್ತಲ್ಲ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಆದರೆ ಈ ರಂಜಾನ್ ಆದಂದಿನಿಂದ ಅಕ್ಕನ ಫೋನನ್ನು ನಾನು ಸ್ಪೀಕರ್ ಇಲ್ಲದೆ ಎತ್ತುವುದಿಲ್ಲ. ಅದೊಂದು ನೇಮ ಮಾಡಿಕೊಂಡಿದ್ದೇನೆ. ಯಾಕೆ ಎಂದು ಆ ಅಂಗಿಯವನಿಗೆ ಹೇಳಲಿಲ್ಲ. ಹೇಳಿಸಿಕೊಳ್ಳುವ ಮುಖ ಅವನದಾಗಿರಲಿಲ್ಲ. ನಿಮಗೆ ಹೇಳುತ್ತೇನೆ.

ಮೊದಲು ನನ್ನ ಸಿಟ್ಟಿನ ಪರಿಚಯ ಆಗಲಿ. ಅದು ನಮ್ಮ ಮನೆತನದ್ದು. ದೊಡವಾಡದಲ್ಲಿ ನಮ್ಮಪ್ಪ ನೊಗಕ್ಕೆ ಕೊರಳು ಕೊಡಲಿಲ್ಲ ಎಂದು ಎತ್ತಿನ ಜೊತೆ ಮಾತು ಬಿಟ್ಟಿದ್ದ ಮನುಷ್ಯ. ನಾನು ಅವನ ಖಾಸಾ ಮಗಳು. ಬಿ.ಎ. ಮುಗಿಸಿ ಬೈಲಹೊಂಗಲಕ್ಕೆ ಸೊಸೆಯಾಗಿ ಬಂದೆ. ಒಂದು ಖಾಸಗಿ ಸಾಲೆಯಲ್ಲಿ ಕನ್ನಡ ಕಲಿಸಿದೆ, ಮುಖ್ಯಾಧ್ಯಾಪಕರ ಜೊತೆ ಸೀಮೆಸುಣ್ಣದ ಸಲುವಾಗಿ ಜಗಳಾಡಿದೆ, ಕೆಲಸ ಬಿಟ್ಟೆ. "ಬಿಟ್ಟೆ" ಎಂದು ನಾನು ಹೇಳುತ್ತೇನೆ. ನಮ್ಮವರು ಬೇರೆ ಕ್ರಿಯಾಪದ ಬಳಸುತ್ತಾರೆ. ಆ ಸಾಲೆಯಿಂದ ಉಳಿದದ್ದೆಂದರೆ ಓಣಿಯವರೆಲ್ಲ ನನ್ನನ್ನು "ಅಕ್ಕಾರ" ಎಂದು ಕರೆಯುವುದು. ನನಗೆ ಸಿಟ್ಟು ಬರುವ ಸೂಚನೆ ಕಂಡರೆ ಸಾಕು, ನಮ್ಮವರು ಚಪ್ಪಲಿ ಮೆಟ್ಟಿಕೊಂಡು ಅರಳೆ ಅಂಗಡಿಯ ಕಟ್ಟೆಗೆ ಹೋಗಿ ಕೂಡುತ್ತಾರೆ. ಅಲ್ಲಿ ಅವರಿಗೆ ಕಾಯಂ ಜಾಗ ಉಂಟು.

ಸಾಲೆ ಬಿಟ್ಟ ಮೇಲೆ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ರೊಟ್ಟಿ ಬಡಿಯಲು ಶುರು ಮಾಡಿದೆ. ಸಿಟ್ಟಿನವರಿಗೆ ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ. ಹಿಂದಿನ ಮನೆಯ ರಜಿಯಾ ಗೋಡೆಯ ಆಚೆಯಿಂದ ನನ್ನ ಬಡಿತ ಕೇಳಿ ಕೇಳಿ ಒಂದು ದಿನ ಬಂದು ನಿಂತಳು. ಅವಳ ತವರು ಹೂಲಿ. ಗಂಡ ಗೌಂಡಿ. "ಅಕ್ಕಾರ, ನೀವು ರೊಟ್ಟಿ ಬಡ್ಯಾಕತ್ತೀರೋ ಯಾರನ್ನರ ಬಡ್ಯಾಕತ್ತೀರೋ? ಸರೀರಿ ಆಕಡೆ" ಎಂದು ಹಿಟ್ಟು ನಾದುವ ಕೊಣಮಿಗೆಯನ್ನು ತನ್ನ ಮುಂದಕ್ಕೆ ಎಳೆದುಕೊಂಡಳು. ಅವತ್ತಿನಿಂದ ಕೂಡಿಯೇ ಮಾಡುತ್ತೇವೆ. ಶೆಡ್ ನನ್ನದು, ಹಂಚು ಅವಳದು, ಜಗಳ ಇಬ್ಬರದು. ಹಿಟ್ಟು ಗಟ್ಟಿಯಾಯಿತು, ಮೆತ್ತಗಾಯಿತು, ಉರಿ ಹೆಚ್ಚಾಯಿತು, ಶೇಂಗಾ ಚಟ್ನಿಗೆ ಬೆಳ್ಳುಳ್ಳಿ ಸಾಲದು ಎಂದು ದಿನಾ ಜಗಳ. ನಮ್ಮ ರೊಟ್ಟಿ ಕಿತ್ತೂರು, ಬೈಲಹೊಂಗಲದ ಖಾನಾವಳಿಗಳಿಗೆ ಹೋಗುತ್ತದೆ. ತಿಂದವರು ಚೆನ್ನಾಗಿದೆ ಎನ್ನುತ್ತಾರೆ, ಆ ಜಗಳದ ರುಚಿ ಅವರಿಗೆ ಗೊತ್ತಿಲ್ಲ.

ಸ್ಪೀಕರಿನ ಚಟ ಹತ್ತಿದ್ದೂ ಇಲ್ಲಿಯೇ. ರೊಟ್ಟಿಯವಳ ಕೈ ಬೆಳಗಿನಿಂದ ಸಂಜೆಯವರೆಗೆ ಹಿಟ್ಟಿನಲ್ಲಿಯೇ ಇರುತ್ತದೆ. ಫೋನ್ ಬಂದರೆ ಏನು ಮಾಡುವುದು? ಹಿಟ್ಟಿನ ಡಬ್ಬಿಗೆ ಅದನ್ನು ಒರಗಿಸಿಟ್ಟು ಬೆರಳಿನ ಗೆಣ್ಣಿನಿಂದ ಒತ್ತಿ ಸ್ಪೀಕರ್ ಹಾಕುವುದು. ಹೀಗಾಗಿ ನನ್ನ ಮನೆತನದ ಸಮಸ್ತ ಸುದ್ದಿಯೂ ರಜಿಯಾಗೆ ಗೊತ್ತು. ಅವಳ ನಾದಿನಿಯ ಸಂಸಾರದ ಹಕೀಕತ್ತು ನನಗೆ ಗೊತ್ತು. ನಮ್ಮ ಶೆಡ್ಡಿನಲ್ಲಿ ಗುಟ್ಟು ಎಂಬುದು ಹುಟ್ಟಿಯೇ ಇಲ್ಲ.

ಇಂಥ ಸುಖದ ಜಗಳದ ನಡುವೆ ಮೊದಲ ರಂಜಾನ್ ಬಂತು. ಬಿಸಿಲು ಕಾಯತೊಡಗಿದ ಹೊತ್ತು. ತಗಡಿನ ಕೆಳಗೆ, ಉರಿಯುವ ಹಂಚಿನ ಮುಂದೆ, ರಜಿಯಾ ಒಂದು ಹನಿ ನೀರು ಕುಡಿಯದೆ ಕೂತಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಹುಚ್ಚ ಹಿಡದೈತೇನ ನಿನಗ? ತಲಿ ತಿರುಗಿ ಹಂಚಿನ ಮ್ಯಾಲ ಬಿದ್ರ ಯಾರು ನೋಡವ್ರು? ನಿಮ್ಮ ದೇವರಿಗೆ ಬ್ಯಾಸಗಿ ಅಂತ ಗೊತ್ತಿಲ್ಲೇನು?" ಎಂದೆ. ಬೇರೆ ದಿನವಾಗಿದ್ದರೆ ಇದಕ್ಕೆ ಎರಡು ಪಟ್ಟು ವಾಪಸು ಬರುತ್ತಿತ್ತು. ಅವಳು ರೊಟ್ಟಿ ತಿರುವಿ ಹಾಕಿ, "ರೋಜಾದಾಗ ಜಗಳ ಇಲ್ರಿ ಅಕ್ಕಾರ. ಹೊಟ್ಟಿಗಷ್ಟ ಅಲ್ಲ, ನಾಲಿಗಿಗೂ ರೋಜಾ. ಈದ್ ಆದಮ್ಯಾಲ ಆಡೂಣು, ಬಾಕಿ ಇಟಗೋರಿ" ಎಂದಳು.

ಬಾಕಿ ಇಟ್ಟುಕೊಳ್ಳುವುದಂತೆ! ಸಿಟ್ಟೇನು ಉಪ್ಪಿನಕಾಯಿಯೇ, ಜಾಡಿಯಲ್ಲಿ ತುಂಬಿಡಲಿಕ್ಕೆ? ಆ ತಿಂಗಳು ನನ್ನ ಪಾಡು ಯಾರಿಗೂ ಬೇಡ. ಜಗಳಕ್ಕೆ ಜೊತೆಯೇ ಇಲ್ಲ. ನಾನೊಬ್ಬಳೇ ಕೂಗುವುದು, ಅವಳು ಬಡಿಯುವುದು. ಚಟ್ನಿಯ ಉಪ್ಪು ನೋಡುವ ಕೆಲಸವೂ ನನ್ನ ಕೊರಳಿಗೆ ಬಿತ್ತು. ನನ್ನ ನಾಲಿಗೆಗೆ ಉಪ್ಪು ಜಾಸ್ತಿ ಬೇಕು. ಆ ರಂಜಾನಿನ ಚಟ್ನಿ ತಿಂದ ಖಾನಾವಳಿಯವರು ಇನ್ನೂ ನೀರು ಕುಡಿಯುತ್ತಿರಬೇಕು.

ಉಪವಾಸ ಎಂದರೇನೆಂದು ನನಗೆ ಗೊತ್ತಿಲ್ಲದ್ದೇನಲ್ಲ. ಹಾಗಂತ ನಾನು ತಿಳಿದಿದ್ದೆ. ದೊಡವಾಡದ ನಮ್ಮ ಮನೆಯಲ್ಲಿ ಶಿವರಾತ್ರಿ ಬಂತೆಂದರೆ ಅವ್ವನಿಗೆ ಬೇರೆ ಹಬ್ಬಕ್ಕಿಲ್ಲದ ದಗದ. ಹಿಂದಿನ ದಿನವೇ ಶೇಂಗಾ ಹುರಿದು, ಬೆಲ್ಲ ಕುಟ್ಟಿ ಉಂಡಿ ಕಟ್ಟಬೇಕು. ಸಾಬೂದಾಣಿ ನೆನೆಹಾಕಬೇಕು. ಗೆಣಸು ಕುದಿಸಬೇಕು. ಕಲ್ಲಂಗಡಿ, ದ್ರಾಕ್ಷಿ, ಬಾಳೆಹಣ್ಣು, ಖರ್ಜೂರ ತಟ್ಟೆಯಲ್ಲಿ ಜೋಡಿಸಬೇಕು. ಅಪ್ಪ ಬೆಳಗಿನಿಂದ "ಇವತ್ತ ನನಗ ಉಪಾಸ" ಎಂದು ಊರಿಗೆಲ್ಲ ಸಾರುತ್ತ, ತಾಸಿಗೊಮ್ಮೆ ಒಳಗೆ ಬಂದು ತಟ್ಟೆ ಹಗುರ ಮಾಡಿ ಹೋಗುತ್ತಿದ್ದ. ಸಂಜೆ ಹೊತ್ತಿಗೆ ಉಪವಾಸ ಮಾಡಿ ಮಾಡಿ ಅವನ ಹೊಟ್ಟೆ ಉಬ್ಬಿರುತ್ತಿತ್ತು. ನಾನೂ ಅಕ್ಕನೂ ಇಂಥ ಉಪವಾಸ ವಾರಕ್ಕೊಂದು ಬರಲಿ ಎಂದು ದೇವರಿಗೆ ಕೈ ಮುಗಿಯುತ್ತಿದ್ದೆವು.

ಮುಸಲ್ಮಾನರ ಹಬ್ಬಗಳೂ ನಮಗೆ ಹೊಸವಲ್ಲ. ಚಿಕ್ಕಂದಿನಲ್ಲಿ ನನಗೆ ಮೈಯಲ್ಲಿ ಆರಾಮಿಲ್ಲದಾಗ ಅವ್ವ ಮೊಹರಮ್ಮಿನ ಅಲಾಬಿನಲ್ಲಿ ಪಂಜಾಗಳಿಗೆ ಹರಕೆ ಹೊತ್ತು ನನ್ನನ್ನು ಫಕೀರಳನ್ನಾಗಿ ಮಾಡಿದ್ದಳು. ಕೊರಳಿಗೆ ಕೆಂಪು ಲಾಡಿ ಕಟ್ಟಿದವಳು ಅಕ್ಕ. ಮನೆ ಮನೆ ತಿರುಗಿ ಬೇಡಿ ತಂದ ಬೆಲ್ಲದ ಸಿಹಿರೊಟ್ಟಿ ಚೊಂಗೆಯನ್ನು ನನಗಿಂತ ಹೆಚ್ಚು ತಿಂದವಳೂ ಅಕ್ಕನೇ. ಲಿಂಗದ ಪಕ್ಕದಲ್ಲಿ ಆ ಲಾಡಿ ಇದ್ದರೆ ನಮ್ಮ ಮನೆಯಲ್ಲಿ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಅಲಾಬಿನಲ್ಲಿ ಹಲಗೆ ಇತ್ತು, ಕುಣಿತ ಇತ್ತು, ಚೊಂಗೆ ಇತ್ತು. ನೋಡುವಂಥದ್ದು ತಿನ್ನುವಂಥದ್ದು ಇದ್ದಲ್ಲಿ ನಾವೆಲ್ಲ ಹಾಜರು. ರೋಜಾದಲ್ಲಿ ನೋಡಲು ಏನೂ ಇಲ್ಲ. ಒಬ್ಬ ಮನುಷ್ಯ ಸುಮ್ಮನೆ ನೀರು ಕುಡಿಯದೆ ತನ್ನ ಕೆಲಸ ಮಾಡುತ್ತಿರುತ್ತಾನೆ, ಅಷ್ಟೇ. ಹಾಗಾಗಿ ಇಷ್ಟು ವರ್ಷ ಅದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

ಎರಡನೆಯ ರಂಜಾನಿನಲ್ಲಿ ನಾನೂ ಒಂದು ರೋಜಾ ಹಿಡಿದೆ. ಭಕ್ತಿಯಿಂದಲ್ಲ, ಹಟದಿಂದ. ಇವಳೊಬ್ಬಳಿಗೇ ಆಗುವುದೋ, ನಮಗೂ ಆಗುವುದೋ ನೋಡಿಯೇ ಬಿಡೋಣ ಎಂದು. ಅಂದು ಶೆಡ್ಡಿಗೆ ಬರುವ ಮುಂಚೆ ಮನೆಯಲ್ಲಿ ನಿಯಮದಂತೆ ಸಾಬೂದಾಣಿ ಖಿಚಡಿ ತಿಂದೆ. ಹನ್ನೊಂದಕ್ಕೆ ಮನೆಯೊಳಗೆ ಹೋಗಿ ಎರಡು ಬಾಳೆಹಣ್ಣು, ಒಂದು ಶೇಂಗಾ ಉಂಡಿ. ಮಧ್ಯಾಹ್ನ ಒಂದು ಚಹಾ, ಚಹಾಕ್ಕೇನು ಮೈಲಿಗೆ? ಕಾಳು ಮಾತ್ರ ಮುಟ್ಟಲಿಲ್ಲ. ಸಂಜೆ ಅಜಾನ್ ಹೊತ್ತಿಗೆ ರಜಿಯಾಳ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು, "ಇವತ್ತ ನಂದೂ ರೋಜಾ. ಏನ ತ್ರಾಸ ಆಗಲಿಲ್ಲ ನೋಡು. ಸುಮ್ಮ ದೊಡ್ಡದು ಮಾಡ್ತೀರಿ" ಎಂದೆ.

ಅವಳು ಕಣ್ಣರಳಿಸಿದಳು. "ಖರೇನ? ಏನೂ ತಿಂದಿಲ್ಲೇನ್ರಿ?"

"ಏನೂ ಇಲ್ಲ. ಬರೇ ಖಿಚಡಿ, ಹಣ್ಣು, ಉಂಡಿ, ಒಂದ ಕಪ್ ಚಾ."

ರಜಿಯಾ ನಗಲು ಶುರು ಮಾಡಿದವಳು ಗೋಡೆಗೆ ಒರಗಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಖರ್ಜೂರ ಬಾಯಿಗೆ ಇಡುವುದನ್ನೇ ಮರೆತು ನಕ್ಕಳು. "ಅಕ್ಕಾರ, ನೀವು ರೋಜಾ ಹಿಡದಿಲ್ರಿ, ಜ್ವಾಳಕ್ಕ ಒಂದಿನ ಸೂಟಿ ಕೊಟ್ಟೀರಿ" ಎಂದಳು. ನನಗೆ ಬಂದ ಸಿಟ್ಟಿಗೆ ಅವಳು ಕೊಟ್ಟ ಶರಬತ್ತು ಮುಟ್ಟಬಾರದೆಂದಿದ್ದೆ. ಆದರೆ ಅದರಲ್ಲಿ ಸಬ್ಜಾ ಬೀಜ ಹಾಕಿದ್ದಳು, ಕುಡಿದುಬಿಟ್ಟೆ.

ಹಾಗೆ ನಕ್ಕವಳ ಮೇಲೆ ನನಗೆ ಒಂದು ಅನುಮಾನ ಮಾತ್ರ ಉಳಿಯಿತು. ಇಷ್ಟು ಬಿಸಿಲಲ್ಲಿ ಇವಳು ಯಾರೂ ಇಲ್ಲದಾಗ ಒಂದು ಗುಟುಕು ಕುಡಿಯುತ್ತಿರಬೇಕು. ನಾನಾಗಿದ್ದರೆ ಕುಡಿಯುತ್ತಿದ್ದೆ. ರೊಟ್ಟಿ ಕೆಲಸ ಎಂದರೆ ನೀರಿನ ಕೆಲಸ. ಕುದಿನೀರು ಹಾಕಿ ಹಿಟ್ಟು ನಾದಬೇಕು. ಹಂಚಿಗೆ ಹಾಕಿದ ಮೇಲೆ ಒದ್ದೆ ಅರಿವೆಯಿಂದ ರೊಟ್ಟಿಯ ಮೈಗೆ ನೀರು ಸವರಬೇಕು. ಪ್ರತಿ ರೊಟ್ಟಿಗೂ ಅವಳ ಕೈ ತಂಪು ನೀರಿನ ಬೋಗುಣಿಗೆ ಹೋಗಿ ಬರುತ್ತದೆ. ಕೈ ಇಡೀ ದಿನ ನೀರಿನಲ್ಲಿ, ಬಾಯಿ ಒಣ.

ಒಂದು ಮಧ್ಯಾಹ್ನ ಹಿಟ್ಟು ತರುತ್ತೇನೆಂದು ಹೇಳಿ ಒಳಗೆ ಹೋಗಿ, ಅಡಿಗೆಮನೆಯ ಕಿಟಕಿಯಿಂದ ಇಣುಕಿದೆ. ರಜಿಯಾ ಎದ್ದಳು. ಮೂಲೆಯ ಮಣ್ಣಿನ ಕೊಡದಿಂದ ತಂಬಿಗೆ ತುಂಬಿಕೊಂಡಳು. ಸಿಕ್ಕಳು ಎಂದುಕೊಂಡೆ. ಮುಖಕ್ಕೆ ನೀರು ಹೊಡೆದುಕೊಂಡಳು. ಬಾಯಿಗೆ ನೀರು ತುಂಬಿ ಮುಕ್ಕಳಿಸಿ, ಬಗ್ಗಿ, ತುಳಸಿಗಿಡದ ಆಚೆ ಪೂರ್ತಿ ಉಗುಳಿದಳು. ಎರಡೆರಡು ಸಲ ಉಗುಳಿದಳು, ಬಾಯಿಯಲ್ಲಿ ಹನಿ ಉಳಿದಿದೆಯೇನೋ ಎಂದು. ಆಮೇಲೆ ಕೈಕಾಲು ತೊಳೆದು ಜೋಳದ ಚೀಲಗಳ ಪಕ್ಕ ಚಾಪೆ ಹಾಸಿ ನಮಾಜಿಗೆ ನಿಂತಳು. ಅಷ್ಟೇ.

ನನಗೆ ಸಿಟ್ಟು ಬಂತು. ಈ ಸಿಟ್ಟು ಬೇರೆ ಥರದ್ದು. ಕುಡಿಯಬಹುದಿತ್ತಲ್ಲ! ಯಾರೂ ನೋಡುತ್ತಿರಲಿಲ್ಲ. ಬಾಯಿತನಕ ಬಂದ ನೀರನ್ನು ನುಂಗಿದರೆ ಯಾರಿಗೆ ತಿಳಿಯುತ್ತಿತ್ತು? ನಾನು ಈ ಜನ್ಮದಲ್ಲಿ ಯಾರೂ ನೋಡದೆ ಇದ್ದಾಗ ಮಾಡಿದ ಒಳ್ಳೆಯ ಕೆಲಸ ಯಾವುದು ಎಂದು ನೆನೆಸಿದೆ. ನಿಂತ ಕಾಲಮೇಲೆ ನೆನೆಸಿದೆ, ಒಂದೂ ನೆನಪಿಗೆ ಬರಲಿಲ್ಲ. ದೇಣಿಗೆ ಕೊಟ್ಟರೆ ಹೆಸರು ಕೂಗಿಸಿದ್ದೇನೆ, ಪೂಜೆ ಮಾಡಿದರೆ ಓಣಿಗೆಲ್ಲ ಗಂಟೆ ಕೇಳಿಸಿದ್ದೇನೆ. ಹಿಟ್ಟಿನ ಬುಟ್ಟಿ ಹೊತ್ತು ಹೊರಬಂದು ಅವಳ ಮುಂದೆ ಕುಕ್ಕಿದೆ. "ಯಾಕ್ರಿ ಅಕ್ಕಾರ, ಮತ್ತ ಯಾರ ಮ್ಯಾಲ?" ಎಂದಳು. ನಾನು ಹಿಟ್ಟು ನಾದಲು ಕೂತೆ.

ನನಗೆ ಇಸ್ಲಾಂ ಗೊತ್ತಿಲ್ಲ. ಅದರ ಗ್ರಂಥ ಓದಿಲ್ಲ. ಓದದೆಯೇ ಎಲ್ಲ ಗೊತ್ತಿದೆ ಎಂದು ಕಟ್ಟೆಯ ಮೇಲೆ ಕೂತು ಹೇಳುವವರ ಮೇಲೆ ನನಗೆ ವಿಪರೀತ ಸಿಟ್ಟು. ನನಗೆ ಗೊತ್ತಿರುವುದು ಒಂದು ತಂಬಿಗೆ ನೀರು, ಅದನ್ನು ಉಗುಳಿದ ಒಬ್ಬ ಬಾಯಾರಿದ ಹೆಂಗಸು. ಅಂದಿನಿಂದ ಆ ಧರ್ಮದ ಮೇಲೆ ನನಗೆ ಗೌರವ ಹುಟ್ಟಿತು. ಬೇರೆಯವರಿಗೆ ಗೌರವ ಪ್ರೀತಿಯ ದಾರಿಯಿಂದ ಬರುತ್ತದಂತೆ, ನನಗೆ ಎಲ್ಲವೂ ಸಿಟ್ಟಿನ ದಾರಿಯಿಂದಲೇ ಬರಬೇಕು.

ಅದೇ ವಾರ ರೊಟ್ಟಿ ಕೊಳ್ಳಲು ಬಂದ ಪರಿಚಯದ ಗೃಹಸ್ಥರೊಬ್ಬರು ರಜಿಯಾ ಒಳಗಿದ್ದಾಗ, "ಹಗಲೆಲ್ಲಾ ಉಪಾಸ, ಹೊತ್ತ ಮುಳಗಿದ ಮ್ಯಾಲ ಎರಡ ಪಟ್ಟು ಊಟ. ಇದೆಂಥಾ ಉಪಾಸಬೇ?" ಎಂದು ನಕ್ಕರು. "ನಿಮ್ಮ ಶಿವರಾತ್ರಿ ಹೊಟ್ಟಿ ನಾ ನೋಡೇನ್ರಿ" ಎಂದು ಅವರ ರೊಟ್ಟಿಯ ಗಂಟನ್ನು ವಾಪಸು ಕಸಿದುಕೊಂಡೆ. ಅವರು ಈಗ ಬೇರೆ ಕಡೆ ಕೊಳ್ಳುತ್ತಾರೆ. ಅಲ್ಲಿಯ ರೊಟ್ಟಿ ದಪ್ಪ, ಹಾಗೇ ಆಗಬೇಕು.

ಈ ವರ್ಷ ಅಕ್ಕನ ಮಗನ ಲಗ್ನ ಗೊತ್ತಾಯಿತು. ಈದ್ ಆದ ಮೇಲೆ ಅಕ್ಷತೆ. ರಾಮದುರ್ಗದ ಬೀಗರು, ದೊಡ್ಡ ಮಂದಿ. ಖಡಕ್ ರೊಟ್ಟಿ ಮಾತ್ರ ಚಿಕ್ಕವ್ವನ, ಅಂದರೆ ನನ್ನ, ಮನೆಯಿಂದಲೇ ಬರಬೇಕು ಎಂದು ಅಕ್ಕ ಮೊದಲೇ ಹೇಳಿದ್ದಳು. ಖಡಕ್ ರೊಟ್ಟಿ ಕೆಡುವುದಿಲ್ಲವಲ್ಲ, ರಂಜಾನ್ ಮುಗಿಯುವುದರೊಳಗೆ ಬಡಿದು ಒಣಗಿಸಿ ಇಡುವುದೆಂದು ನಾವು ಮಾತಾಡಿಕೊಂಡೆವು. ರಜಿಯಾ ಆ ಹುಡುಗನನ್ನು ತನ್ನ ಅಳಿಯ ಎಂದೇ ಹಚ್ಚಿಕೊಂಡವಳು. ಸೂಟಿಗೆ ಬಂದಾಗಲೆಲ್ಲ ಅವನು ಬಿಸಿ ರೊಟ್ಟಿಗಾಗಿ ಅವಳ ಹಂಚಿನ ಪಕ್ಕ ಕೂಡುತ್ತಿದ್ದ. "ನನ್ನ ಅಳಿಯಾನ ಲಗ್ನಕ್ಕ ಹಪ್ಪಳದಂಥಾ ರೊಟ್ಟಿ ಮಾಡತೇನಿ ನೋಡ್ರಿ" ಎಂದು ಒಳ್ಳೆಯ ಬಿಳಿಜೋಳವನ್ನು ತಾನೇ ಆರಿಸಿ ತೆಗೆದಿಟ್ಟಿದ್ದಳು.

ಆ ಕೆಲಸ ಶುರುವಾಗುವ ಮುನ್ನಾದಿನ ನಾನು ರೋಜಾ ಹಿಡಿದೆ. ಈ ಸಲ ಖರೇ ರೋಜಾ. ಅದಕ್ಕೂ ರಜಿಯಾನೇ ಕಾರಣ. "ನಿಮ್ಮಿಂದ ಆಗೂದಿಲ್ಲ ಬಿಡ್ರಿ ಅಕ್ಕಾರ. ಹಸಿವಿ ತಡೀತೀರಿ, ನೀರಡಿಕಿ ತಡೀತೀರಿ. ಸಿಟ್ಟ ತಡ್ಯಾಕ ಆಗೂದಿಲ್ಲ ನಿಮಗ" ಎಂದಿದ್ದಳು. ಇಂಥ ಮಾತು ಕೇಳಿ ಸುಮ್ಮನಿರಲು ನಾನೇನು ನಮ್ಮಪ್ಪನ ಎತ್ತೇ? ಬೆಳಗಿನ ಜಾವ ಅವಳ ಮಿಸ್ ಕಾಲಿಗೆ ಎದ್ದೆ, ಲಿಂಗಪೂಜೆ ಮುಗಿಸಿ ರೊಟ್ಟಿ ಮೊಸರು ಉಂಡೆ, ನೀರು ಕುಡಿದೆ, ಮನಸ್ಸು ಗಟ್ಟಿ ಮಾಡಿಕೊಂಡೆ. ನಮ್ಮವರು ವಿಷಯ ತಿಳಿದು ತಿಂಡಿಯನ್ನೂ ಕೇಳದೆ ಕಟ್ಟೆಗೆ ಹೋದರು. ಉಂಡಾಗಲೇ ಹೀಗಿರುವವಳು ಹಸಿದರೆ ಹೇಗಿರಬೇಡ ಎಂದು ಲೆಕ್ಕ ಹಾಕಿರಬೇಕು.

ಮಧ್ಯಾಹ್ನದ ಹೊತ್ತಿಗೆ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಬೋಗುಣಿಯ ನೀರಿಗೆ ಕೈ ಹಾಕಿದಾಗಲೆಲ್ಲ ಆ ತಂಪು ಮೊಣಕೈಯವರೆಗೆ ಏರಿ ಅಲ್ಲಿಯೇ ನಿಲ್ಲುತ್ತಿತ್ತು. ಆಗ ಅಕ್ಕನ ಫೋನ್ ಬಂತು. ಹಿಟ್ಟಿನ ಗೆಣ್ಣಿನಿಂದ ಒತ್ತಿದೆ.

"ಮಾದೇವಿ, ಒಂದ ಮಾತ ಹೇಳತೇನಿ, ಸಿಟ್ಟಿಗೇಳಬ್ಯಾಡ" ಎಂದಳು ಅಕ್ಕ. "ನನಗೇನೂ ಇಲ್ಲವಾ, ನನಗ ಎಲ್ಲಾರೂ ಒಂದ. ಆದ್ರ ಬೀಗರು ಹೆಂಥಾವ್ರೋ ಏನೋ. ಈಗಿನ ದಿನಮಾನ ನಿನಗ ಗೊತ್ತೈತಲ್ಲ. ನಮ್ಮ ಲಗ್ನದ ರೊಟ್ಟಿಗೆ ಆ ರಜಿಯಾನ ಕೈ ಹಚ್ಚೂದು ಬ್ಯಾಡ. ನೀನ ಬಡಿ. ಬೇಕಂದ್ರ ಇಲ್ಲಿಂದ ನಮ್ಮ ಹೆಣಮಕ್ಕಳನ್ನ ಕಳಸತೇನಿ."

ನನ್ನ ಕೈ ಹಿಟ್ಟಿನಲ್ಲಿಯೇ ನಿಂತಿತು. ಎದುರಿಗೆ ರಜಿಯಾ. ಅವಳ ಬಡಿತ ಮಾತ್ರ ನಿಲ್ಲಲಿಲ್ಲ.

"ಆಕಿಗೇನ ಹೇಳೂದು ಅಂತ ಚಿಂತಿ ಮಾಡಬ್ಯಾಡ" ಎಂದು ಅಕ್ಕ ಇನ್ನೂ ಮೆತ್ತಗಿನ ದನಿಯಲ್ಲಿ ಮುಂದುವರಿಸಿದಳು. "ರೋಜಾ ಹಿಡದಿ, ದಣದಿ, ಈ ವಾರ ಮನಿಯಾಗ ಆರಾಮ ಇರು ಅಂತ ಹೇಳು. ಉಪಾಸದಾಕಿ, ಪಾಪ, ಖುಷೀನ ಆಗತಾಳ. ಕೇಳಾಕತ್ತೀ ಇಲ್ಲೋ?"

ಇಬ್ಬರೂ ಕೇಳುತ್ತಿದ್ದೆವು. ನನ್ನ ನೆತ್ತಿಯಿಂದ ಅಂಗಾಲಿನವರೆಗೆ ಬೆಂಕಿ ಹತ್ತಿತು. ನೀರಿಲ್ಲದ ಗಂಟಲಿಗೆ ಎಲ್ಲಿಂದಲೋ ಬಲ ಬಂತು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ರಜಿಯಾ ಹಿಟ್ಟು ಮೆತ್ತಿದ ಒಂದು ಬೆರಳನ್ನು ಎತ್ತಿ, ದನಿ ಹೊರಡದಂತೆ ತುಟಿಯಾಡಿಸಿದಳು. "ಅಕ್ಕಾರ. ರೋಜಾ."

"ಸಂಜಿಗೆ ಮಾತಾಡತೇನಿ" ಎಂದು ಫೋನಿಟ್ಟೆ. ನನ್ನ ಬಾಳಿನಲ್ಲಿ ನಾನಾಡಿದ ಅತಿ ಸಣ್ಣ ಉತ್ತರ ಅದು.

ಆ ಮಧ್ಯಾಹ್ನ ಹೇಗೆ ಕಳೆಯಿತೆಂದು ಹೇಳಲಾರೆ. ಹಸಿವೆ ಹೋಯಿತು, ನೀರಡಿಕೆ ಹೋಯಿತು, ಹೊಟ್ಟೆಯಲ್ಲಿ ಉಳಿದದ್ದು ಸಿಟ್ಟೊಂದೇ. ಸಂಜೆ ಆಡಬೇಕಾದ ಮಾತುಗಳನ್ನು ಒಂದೊಂದಾಗಿ ಜೋಡಿಸುತ್ತ ಕೂತೆ. ಆ "ನನಗೇನೂ ಇಲ್ಲ" ಎಂಬ ಮಾತಿಗೇ ಮೊದಲು ಬೆಂಕಿ ಇಡಬೇಕೆನಿಸಿತು. ಈ ದೇಶದಲ್ಲಿ ಯಾರಿಗೂ ಏನೂ ಇಲ್ಲ ನೋಡಿ. ಬಾಡಿಗೆಗೆ ಮನೆ ಕೊಡದವನಿಗೆ ಏನೂ ಇಲ್ಲ, ಅವನ ಹೆಂಡತಿಗೆ ಇದೆ. ಹೆಂಡತಿಯನ್ನು ಕೇಳಿದರೆ ಅವಳಿಗೂ ಏನೂ ಇಲ್ಲ, ಅತ್ತೆಗೆ ಇದೆ. ನಮ್ಮ ಅಕ್ಕನಿಗೆ ಏನೂ ಇಲ್ಲ, ಬೀಗರಿಗೆ ಇದೆ. ಅದೂ ಇದೆಯೆಂದು ಬೀಗರು ಹೇಳಿಲ್ಲ, ಇದ್ದರೆ ಏನು ಗತಿ ಎಂದು ಇವಳೇ ಅಂದುಕೊಂಡದ್ದು. ಯಾರಿಗೂ ಏನೂ ಇಲ್ಲದೆಯೇ ಒಬ್ಬ ಹೆಂಗಸಿನ ಕೈಯನ್ನು ರೊಟ್ಟಿಯಿಂದ ದೂರ ಇಡುವುದು ನಡೆಯುತ್ತದೆ. ಅದೂ ಅವಳ ರೋಜಾವನ್ನೇ ನೆವ ಮಾಡಿಕೊಂಡು! ಬಾಯಿಗೆ ಬಂದ ನೀರನ್ನು ಉಗುಳಿದವಳಿಗೆ "ಪಾಪ, ದಣದಿ" ಎಂದು ಹೇಳಿ ಹೊರಗಿಡಬೇಕಂತೆ. ನನ್ನ ಕೊರಳಿಗೆ ಪಂಜಾದ ಲಾಡಿ ಕಟ್ಟಿದ ಅಕ್ಕ ಇವಳೇನಾ? ಚೊಂಗೆ ತಿಂದ ಬಾಯಿ ಇದೇನಾ?

ರಜಿಯಾ ರೊಟ್ಟಿ ಬಡಿಯುತ್ತಲೇ ಇದ್ದಳು. "ಹಿಟ್ಟ ಗಟ್ಟಿ ಆಗೇತ್ರಿ" ಎಂದಳು ಒಮ್ಮೆ. ನಿಜವಾಗಿ ಗಟ್ಟಿಯಾಗಿತ್ತು, ನಾನು ಜಗಳಾಡಲಿಲ್ಲ. ನಾಲಿಗೆಗೂ ರೋಜಾ ಎಂದರೆ ಏನೆಂದು ಆಗ ತಿಳಿಯಿತು. ಊಟ ಬಿಡುವುದು ಮಕ್ಕಳಾಟ. ಬೈಗುಳ ಹಲ್ಲಿನ ಹಿಂದೆ ಬಂದು ನಿಂತಿರುವಾಗ ಬಾಯಿ ಮುಚ್ಚಿಕೊಂಡು ಹಿಟ್ಟು ನಾದುವುದಿದೆಯಲ್ಲ, ಅದನ್ನು ಒಂದು ದಿನ ಮಾಡುವುದರಲ್ಲೇ ನನಗೆ ಸಾಕಾಗಿಹೋಯಿತು. ಇವಳು ತಿಂಗಳಿಡೀ ಮಾಡುತ್ತಾಳೆ. ನನ್ನಂಥವಳ ಎದುರಿಗೆ ಕೂತು ಮಾಡುತ್ತಾಳೆ.

ಬಿಸಿಲು ಇಳಿಯಿತು. ಹಂಚು ಆರಿಸಿದೆವು. ರಜಿಯಾ ಹಾಳೆ ಹಾಸಿ ಖರ್ಜೂರ, ಹೆಚ್ಚಿದ ಕಲ್ಲಂಗಡಿ, ತಂಬಿಗೆಯಲ್ಲಿ ನೀರು ತಂದಿಟ್ಟಳು. ಆಗ ಮೊದಲ ಸಲ ಆ ಮಾತು ಎತ್ತಿದಳು.

"ಅಕ್ಕಾರ, ಲಗ್ನದ ಮನಿ. ಅಕ್ಕ ತಂಗಿ ಕೆಡಿಸಿಕೋಬ್ಯಾಡ್ರಿ. ಆ ರೊಟ್ಟಿಗೆ ನಾ ಬರೂದಿಲ್ಲ ಬಿಡ್ರಿ. ಜ್ವಾಳ ಆರಿಸಿಟ್ಟೇನಿ, ಅದನ್ನ ಬೀಸಸ್ರಿ, ಸಾಕು."

ನೆಲ ನೋಡುತ್ತ ಹೇಳಿದಳು. ಜಗಳಕ್ಕೆ ಎಂದೂ ಹಿಂದೆ ಸರಿಯದ ಹೆಂಗಸು. ಗ್ಯಾಸಿನವನನ್ನು ಓಣಿಯ ತುದಿಯವರೆಗೆ ಬೈದುಕೊಂಡು ಹೋಗಿ ಸಿಲಿಂಡರ್ ತಂದವಳು. ಅವಳು ಹಾಗೆ ನೆಲ ನೋಡಿದ್ದು ಕಂಡು ನನ್ನ ಕಣ್ಣಲ್ಲಿ ನೀರು ಬಂತು. ಅಳು ಬಂದರೂ ನನಗೆ ಸಿಟ್ಟೇ ಬರುತ್ತದೆ. ಆದರೆ ಅಜಾನ್ ಇನ್ನೂ ಆಗಿರಲಿಲ್ಲ, ಹಲ್ಲು ಕಚ್ಚಿ ಕೂತೆ.

ಅಜಾನ್ ಆಯಿತು. ಅವಳು ಕೈಯೆತ್ತಿ ದುವಾ ಮಾಡಿದಳು, ನಾನು ಕೊರಳಿನ ಲಿಂಗವನ್ನು ಕಣ್ಣಿಗೆ ಒತ್ತಿಕೊಂಡೆ. ಖರ್ಜೂರ ಬಾಯಿಗೆ ಹಾಕಿದೆ. ನೀರು ಕುಡಿದೆ. ಐವತ್ತು ದಾಟಿದ ಈ ವಯಸ್ಸಿಗೆ ನೀರಿಗೆ ರುಚಿ ಇದೆ ಎಂದು ಅಂದೇ ಗೊತ್ತಾಯಿತು. ಕುಡಿದ ತಂಬಿಗೆ ಕೆಳಗಿಟ್ಟು ಫೋನ್ ಎತ್ತಿಕೊಂಡೆ.

"ತಡೀರಿ, ಇನ್ನೊಂದ ಖರ್ಜೂರ ತಿನ್ರಿ" ಎಂದಳು ರಜಿಯಾ.

"ನಂದು ರೋಜಾ ಮುಗೀತು. ಇನ್ನ ನನ್ನ ಬಾಯಿ ನಂದು" ಎಂದೆ.

ಕೈ ತೊಳೆದಾಗಿತ್ತು. ಬೆರಳಿಗೆ ಒಂದು ಚೂರೂ ಹಿಟ್ಟಿರಲಿಲ್ಲ. ಎಲ್ಲರಂತೆ ಫೋನನ್ನು ಕಿವಿಗೆ ಹಚ್ಚಬಹುದಿತ್ತು. ನಾನು ಅದನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ಸ್ಪೀಕರ್ ಒತ್ತಿದೆ.

"ಹಾಂ ಮಾದೇವಿ, ಹೇಳಿದೇನ ಆಕಿಗೆ?" ಎಂದಳು ಅಕ್ಕ.

ಮಧ್ಯಾಹ್ನವೆಲ್ಲ ಜೋಡಿಸಿದ್ದ ಮಾತುಗಳೆಲ್ಲ ಒಟ್ಟಿಗೆ ಬಾಗಿಲಿಗೆ ಬಂದು ಸಿಕ್ಕಿಕೊಂಡವು. ಹೊರಬಿದ್ದದ್ದು ಇಷ್ಟೇ: "ಇಲ್ಲಕ್ಕಾ. ರಜಿಯಾ ಇಲ್ಲೇ ಕುಂತಾಳ. ಮಧ್ಯಾಹ್ನನೂ ಇಲ್ಲೇ ಇದ್ಲು, ಎಲ್ಲಾ ಕೇಳ್ಯಾಳ. ಈಗೂ ಕೇಳಾಕತ್ತಾಳ. ನಿನಗ ಹೇಳೂದಿದ್ರ ನೀನ ಹೇಳು. ಆಕಿ ಕೈ ಹಚ್ಚದ ರೊಟ್ಟಿ ಈ ಮನಿಯಿಂದ ಬರೂದಿಲ್ಲ, ಅಂಥಾ ಲಗ್ನಕ್ಕ ನಾನೂ ಬರೂದಿಲ್ಲ."

ಅಕ್ಕನ ಮನೆಯ ಕುಕ್ಕರ್ ಒಮ್ಮೆ ಕೂಗಿತು. ಆಮೇಲೆ ಅಕ್ಕನ ದನಿ ಬಂತು. "ನನಗೇನೂ... ಅಲ್ಲವಾ, ಬೀಗರು ಯಾರ ಬಡದ ರೊಟ್ಟಿ ಅಂತ ಕೇಳಿದ್ರ ನಾ ಏನ ಹೇಳ್ಲಿ?"

ನಾನು ಬಾಯಿ ತೆರೆಯುವ ಮೊದಲೇ ರಜಿಯಾ ಫೋನಿನ ಕಡೆ ಬಾಗಿದಳು. ಸೆರಗಿನಿಂದ ತುಟಿ ಒರೆಸಿಕೊಂಡಳು.

"ಶಾಂತಕ್ಕಾರ, ಉಪಾಸ ಇದ್ದಾಕಿ ಬಡದ ರೊಟ್ಟಿ ಅಂತ ಹೇಳ್ರಿ" ಎಂದಳು. "ಮಡೀಲೆ ಬಡದಿದ್ದು ಅಂತ ಕಣ್ಣಿಗೆ ಒತ್ತಿಕೊಂಡ ತಿಂತಾರ."

ಅಕ್ಕ ಫೋನಿಡಲಿಲ್ಲ. ಕುಕ್ಕರ್ ಮತ್ತೆರಡು ಸಲ ಕೂಗಿದ ಮೇಲೆ, "ಒಂದೂ ಮುರೀಧಂಗ ತರ್ರಿ. ಇಬ್ಬರೂ ಬರ್ರಿ" ಎಂದಳು. ರಜಿಯಾ ಆಗಲೇ ನಮಾಜಿಗೆಂದು ಚಾಪೆ ಹಾಸುತ್ತಿದ್ದಳು. ಮಧ್ಯಾಹ್ನದಿಂದ ನಾನು ಮಸೆದಿಟ್ಟ ಬೈಗುಳಗಳಲ್ಲಿ ಅವಳ ಆ ಮಾತಿನಷ್ಟು ಹರಿತವಾದದ್ದು ಒಂದೂ ಇರಲಿಲ್ಲ.